ಪಕ್ಕದ ಮನೆಯವಳೇ ಶ್ರುತಿ

"ಗಣೇಶನ ಮದುವೆಯಾ? ಒಳ್ಳೇ ಟೈಂಪಾಸ್ ಪಿಕ್ಚರ್ ಕಣೋ!"

ಹೀಗೆ ಹೇಳೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ಕೇಳೋಕೆ ಹೊಗಳಿಕೆ ಥರಾನೇ ಇರುತ್ತೆ, ಆದರೆ ಒಳಗಿರೋದು ಉಡಾಫೆ. ಇದೇ ಮಹಾನುಭಾವ ಮೂರು ಗಂಟೆ ಮಚ್ಚು ಬೀಸೋ ಸಿನಿಮಾ ನೋಡ್ಕೊಂಡು ಬಂದ್ರೆ ಅದರ 'ಲೇಯರ್'ಗಳ ಬಗ್ಗೆ ಮಾರುದ್ದ ಬರೀತಾನೆ. ರಕ್ತ ಸುರಿದ್ರೆ ಗಂಭೀರ, ನಗು ಬಂದ್ರೆ ಟೈಂಪಾಸ್. ಬರೀ ಟೈಂಪಾಸ್ ಆಗಿದ್ರೆ ಅದು ಆ ಟೈಮಿನ ಜೊತೆಗೇ ಹೋಗ್ಬೇಕಿತ್ತಲ್ವಾ? ಮೂರು ದಶಕ ದಾಟಿದ ಮೇಲೂ ಭಾನುವಾರ ಮಧ್ಯಾಹ್ನ ಟೀವೀಲಿ ಬಂದ್ರೆ ರಿಮೋಟ್ ಯಾಕೆ ಕೆಳಗಿಡ್ತೀರಿ?

ಇದಕ್ಕೆ ಇನ್ನೊಂದು ಗುಂಪು ಸಿದ್ಧ ಉತ್ತರ ಇಟ್ಕೊಂಡಿದೆ: "ಆಹಾ, ಆ ವಠಾರದ ದಿನಗಳು!" ಸ್ವಾಮಿ, ಸ್ವಲ್ಪ ನಿಲ್ಲಿ. ವಠಾರ ಅಂದ್ರೆ ಎಲ್ಲರಿಗೂ ಸೇರಿ ಒಂದೇ ನಲ್ಲಿ, ಬೆಳಗ್ಗೆ ಎದ್ದರೆ ಬಕೆಟ್ ಹಿಡಿದು ಕ್ಯೂ, ರಾತ್ರಿ ಗಂಡ ಹೆಂಡತಿ ಪಿಸುಗುಟ್ಟಿದ್ರೂ ಪಕ್ಕದ ಮನೆಗೆ ಕೇಳಿಸೋ ಗೋಡೆ. ಹಾಗಂತ ವಾಪಸ್ ಹೋಗಿ ಇರಿ ಅಂದ್ರೆ ಈ ಹಳೇ ನೆನಪಿನ ಪ್ರೇಮಿಗಳಲ್ಲಿ ಒಬ್ಬರೂ ಹೋಗಲ್ಲ. ಆ ಸಿನಿಮಾ ಕೂಡ ವಠಾರವನ್ನ ಸ್ವರ್ಗ ಅಂತ ತೋರಿಸಿಲ್ಲ. ಅಲ್ಲಿರೋದು ಜಗಳ.

ಕತೆ ಮರೆತವರಿಗೆ ಒಂದು ಸಲ ಹೇಳಿಬಿಡ್ತೀನಿ. 1990ರಲ್ಲಿ ಫಣಿ ರಾಮಚಂದ್ರ ನಿರ್ದೇಶಿಸಿದ ಚಿತ್ರ. ರಮಣಮೂರ್ತಿಯ ವಠಾರದಲ್ಲಿ ಬಾಡಿಗೆಗಿರೋ ಗಣೇಶನ ಪಾತ್ರ ಅನಂತ್ ನಾಗ್ ಅವರದು. ವಠಾರದ ಮಾಲೀಕ ಮುಖ್ಯಮಂತ್ರಿ ಚಂದ್ರು, ಮಾಲೀಕನ ಮಗಳು ಆದಿಲಕ್ಷ್ಮಿ ವಿನಯಾ ಪ್ರಸಾದ್. ಗಣೇಶ, ಆದಿಲಕ್ಷ್ಮಿ ಎದುರಾದ್ರೆ ಹಾವು ಮುಂಗುಸಿ. ಇತ್ತ ವೈ.ಜಿ. ರಾವ್ ಅನ್ನೋನೊಬ್ಬ ಶ್ರುತಿ ಅನ್ನೋ ಗಾಯಕಿಯನ್ನ ಮುಖ ನೋಡದೆ, ಬರೀ ಕಾಗದದಲ್ಲೇ ಪ್ರೀತಿಸ್ತಿದ್ದಾನೆ. ಅವಳೂ ಒಲಿದಿದ್ದಾಳೆ. ರಾವ್ ಅಂದ್ರೆ ಗಣೇಶ, ಶ್ರುತಿ ಅಂದ್ರೆ ಆದಿಲಕ್ಷ್ಮಿ. ಇದು ನಮಗೆ ಗೊತ್ತು, ಅವರಿಬ್ಬರಿಗೆ ಗೊತ್ತಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ಇವರಿಬ್ಬರಲ್ಲಿ ಯಾರೂ ಮೋಸ ಮಾಡೋಕೆ ಹೊರಟಿಲ್ಲ. ಹೀರೋ ಸುಳ್ಳು ಹೇಳಿ, ವೇಷ ಹಾಕಿ ಹುಡುಗಿಯನ್ನ ಏಮಾರಿಸೋ 'ಕಾಮಿಡಿ'ಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿ ನಗೋದು ಅವನು, ಪೆದ್ದಿ ಆಗೋದು ಅವಳು. ಇಲ್ಲಿ ಇಬ್ಬರೂ ಸಮಸಮ ಪೆದ್ದರು. ಅವರನ್ನ ಏಮಾರಿಸಿದ್ದು ಅವರವರ ಅಭಿಪ್ರಾಯ. "ಈ ಮನುಷ್ಯ ಎಂಥವನು ಅಂತ ನನಗೆ ಗೊತ್ತು" ಅನ್ನೋ ಅಹಂಕಾರ ಇದೆಯಲ್ಲ, ಈ ಚಿತ್ರದಲ್ಲಿ ವಿಲನ್ ಅದು.

ಗುಟ್ಟಿನ ಗುರುತು ನಮ್ಮ ಮಾಸ್ ಸಿನಿಮಾಗಳಲ್ಲೂ ಇದೆ. ತಮಿಳಿನ 'ಬಾಷಾ'ದಲ್ಲಿ (1995) ಆಟೋ ಓಡಿಸೋ ಸಾಧು ಮನುಷ್ಯ ನೋಡಿದ್ರೆ ಮುಂಬೈಯನ್ನೇ ನಡುಗಿಸಿದ ಡಾನ್. ವಿಷ್ಣುವರ್ಧನ್ ಅವರ 'ಕೋಟಿಗೊಬ್ಬ' (2001) ಅದರದೇ ರೀಮೇಕ್. ಪರದೆ ಸರಿದಾಗ ಸಣ್ಣವನು ದೊಡ್ಡವನಾಗ್ತಾನೆ, ಥಿಯೇಟರ್ ಶಿಳ್ಳೆ ಹೊಡೆಯುತ್ತೆ. ನಾನೂ ಹೊಡೆದಿದ್ದೀನಿ. ಆದರೆ ಆ ಶಿಳ್ಳೆಯಲ್ಲಿ ಒಂದು ಮುಖಸ್ತುತಿ ಇದೆ ನೋಡಿ: "ಆಫೀಸಲ್ಲಿ ತಲೆ ತಗ್ಗಿಸಿ ಕೂತಿದ್ದೀಯ ನಿಜ, ಒಳಗಡೆ ನೀನು ಹುಲಿ ಕಣೋ." 'ಗಣೇಶನ ಮದುವೆ' ಇದರ ತದ್ವಿರುದ್ಧ. ಇಲ್ಲಿ ಪರದೆ ಸರಿದಾಗ ಕನಸಿನ ಗಾಯಕಿ ಪಕ್ಕದ ಮನೆಯ ಜಗಳಗಂಟಿ ಆಗ್ತಾಳೆ. ದೊಡ್ಡದು ಸಣ್ಣದಾಗುತ್ತೆ, ಆ ಸಣ್ಣದನ್ನೇ ಪ್ರೀತಿಸಬೇಕು. ಧೈರ್ಯ ಬೇಕಿರೋದು ಯಾವುದಕ್ಕೆ, ನೀವೇ ಹೇಳಿ.

"ಇದೆಲ್ಲ ಇಂಗ್ಲಿಷ್ ಕತೆ ಗುರು" ಅಂತ ಮೂಗು ಮುರಿಯೋರಿಗೂ ಒಂದು ಮಾತು. ಕಾಗದದಲ್ಲಿ ಪ್ರೇಮಿಗಳು, ಎದುರಿಗೆ ವೈರಿಗಳು ಅನ್ನೋ ಎಳೆ ಹಂಗೇರಿಯ ಒಂದು ನಾಟಕದಿಂದ ಹಾಲಿವುಡ್‌ಗೆ ಬಂದು 1940ರಲ್ಲಿ 'ದಿ ಶಾಪ್ ಅರೌಂಡ್ ದ ಕಾರ್ನರ್' ಆಯ್ತು. 1998ರಲ್ಲಿ ಇಮೇಲ್ ಹಾಕಿ 'ಯೂ ಹ್ಯಾವ್ ಗಾಟ್ ಮೇಲ್' ಮಾಡಿದ್ರು. ಅದಕ್ಕೆ ಎಂಟು ವರ್ಷ ಮುಂಚೆಯೇ ನಮ್ಮ ಗಣೇಶ ಅಂಚೆ ಡಬ್ಬಿಗೆ ಕಾಗದ ಹಾಕಿ ಆಗಿತ್ತು. ಎಳೆ ಯಾರದಾದ್ರೇನು? ಶೇಕ್ಸ್‌ಪಿಯರ್ ತನ್ನ ಅವಳಿ ಜವಳಿ ನಾಟಕಕ್ಕೆ ರೋಮಿನ ಪ್ಲಾಟಸ್‌ನಿಂದ ಸಾಲ ತಂದಿದ್ದ. ಅದೇ ನಾಟಕವನ್ನ 1871ರಲ್ಲಿ ಚನ್ನಬಸಪ್ಪನವರು 'ನಗದವರನ್ನು ನಗಿಸುವ ಕತೆ' ಅಂತ ಕನ್ನಡಕ್ಕೆ ತಂದ್ರು. 1997ರಲ್ಲಿ ಎನ್.ಎಸ್. ಶಂಕರ್ ಅದರಿಂದಲೇ 'ಉಲ್ಟಾ ಪಲ್ಟಾ' ತೆಗೆದ್ರು. ಹ್ಯಾಮ್ಲೆಟ್, ಮ್ಯಾಕ್‌ಬೆತ್ ಎಲ್ಲ ಇರುವಾಗ ನಮ್ಮವರು ಅಷ್ಟು ಬೇಗ ಕೈ ಹಾಕಿದ್ದು ಗುರುತು ತಪ್ಪುವ ನಗೆಗೆ. ಅವರಿಗೆ ನಗು ಕಡಿಮೆ ದರ್ಜೆಯದು ಅನ್ನಿಸಿರಲಿಲ್ಲ.

ನಾನು ಚನ್ನಗಿರಿಯವನು. ನಮ್ಮೂರಲ್ಲಿ ಗುರುತು ತಪ್ಪೋಕೆ ಸಾಧ್ಯವೇ ಇಲ್ಲ. ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆಯೋಷ್ಟರಲ್ಲಿ ಮೂರು ಜನ ಕೇಳ್ತಾರೆ, "ಯಾರ ಮಗನಪ್ಪಾ ನೀನು?" ಆಮೇಲೆ ತೋಟ ಎಷ್ಟು ಎಕರೆ, ಅಡಿಕೆ ಕೊಟ್ರೋ ಇನ್ನೂ ಇಟ್ಟಿದ್ದೀರೋ, ಕೊನೆಗೆ ದನಿ ತಗ್ಗಿಸಿ "ಯಾವ ಜನ?" 1997ರಲ್ಲಿ ನಮ್ಮ ತಾಲೂಕನ್ನ ಶಿವಮೊಗ್ಗದಿಂದ ತೆಗೆದು ಹೊಸ ದಾವಣಗೆರೆ ಜಿಲ್ಲೆಗೆ ಹಾಕಿದ್ರು. ಜಿಲ್ಲೆ ಬದಲಾಯ್ತು, ಈ ಪ್ರಶ್ನೆ ಬದಲಾಗ್ಲಿಲ್ಲ. ಮನುಷ್ಯ ಬಾಯಿ ಬಿಡೋ ಮುಂಚೆ ಅವನ ಗುರುತು ಪಕ್ಕಾ ಆಗಿರುತ್ತೆ. ಇಂಥ ಊರಿಗೆ ಎರಡು ಗಂಟೆ ಗುರುತು ತಪ್ಪೋದು ಅಂದ್ರೆ ಎರಡು ಗಂಟೆ ಬಿಡುಗಡೆ.

ಬೆಂಗಳೂರಿಗೆ ಬಂದ್ರೆ ಇದರಿಂದ ತಪ್ಪಿಸ್ಕೊಂಡ್ವಿ ಅಂದ್ಕೊಳ್ತೀವಿ. ಎಲ್ಲಿ? ಬಾಡಿಗೆ ಮನೆ ಹುಡುಕ್ಕೊಂಡು ಹೋಗಿ ನೋಡಿ. "ಯಾವ ಜನ" ಅನ್ನೋದು ಇಲ್ಲಿ "ನೀವು ವೆಜ್ಜಾ ಸಾರ್?" ಆಗಿದೆ ಅಷ್ಟೇ. ಅಡ್ವಾನ್ಸ್ ಲೆಕ್ಕ ಆಮೇಲೆ, ಜಾತಿಯ ಲೆಕ್ಕ ಮೊದಲು. ಹತ್ತಿರ ಇರೋರ ಮೇಲೆ ತೀರ್ಪು ರೆಡಿ, ದೂರ ಇರೋರ ಮೇಲೆ ಪ್ರೀತಿ ರೆಡಿ. ಡೇಟಿಂಗ್ ಆ್ಯಪಲ್ಲಿ ರಾತ್ರಿ ಎರಡರವರೆಗೆ ಯಾರೋ ಅಪರಿಚಿತರಿಗೆ ಮನಸ್ಸು ಬಿಚ್ಚಿಡ್ತೀವಿ, ಬೆಳಗ್ಗೆ ಎದ್ದು ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಮೇಲಿನ ಮನೆಯವರ ಜೊತೆ ನೀರು ಸೋರಿದ್ದಕ್ಕೆ ಕಿತ್ತಾಡ್ತೀವಿ. ವೈ.ಜಿ. ರಾವ್, ಗಣೇಶ ಇಬ್ಬರೂ ನಾವೇ. ಹಾಗಿರುವಾಗ ಇದು ಹಳೇ ಕಾಲದ ಸಿನಿಮಾ ಹೇಗಾಗುತ್ತೆ?

ಅದಕ್ಕೇ ನನ್ನ ತಕರಾರು. ಜಾತಿ, ಪೂರ್ವಗ್ರಹ, ದ್ವೇಷದ ಬಗ್ಗೆ ಮಾತಾಡೋ ಹಕ್ಕು ಗಂಭೀರ ಚಿತ್ರಗಳಿಗೆ ಮಾತ್ರ ಅಂತ ಯಾರು ಬರೆದುಕೊಟ್ರು? ಭಾಷಣ ಮಾಡಿದ್ರೆ ನಾವು ಎದುರಿನವನ ತಪ್ಪು ನೋಡಿ ತಲೆ ಆಡಿಸ್ತೀವಿ. ನಗಿಸಿದಾಗ ನಮ್ಮ ತಪ್ಪು ನಮಗೇ ಕಾಣುತ್ತೆ, ಬೇಜಾರೂ ಆಗಲ್ಲ. ಇದಕ್ಕೆ ಕೋಟಿಗಟ್ಟಲೆ ಬಜೆಟ್ ಬೇಡ, ಡ್ರೋನ್ ಶಾಟ್ ಬೇಡ. ಒಂದು ವಠಾರ, ಸರಿಯಾಗಿ ಬರೆದ ಮಾತು, ಮಾತಿನ ಟೈಮಿಂಗ್ ಗೊತ್ತಿರೋ ನಾಲ್ಕು ಜನ ನಟರು ಸಾಕು. ಸುಲಭ ಅನ್ನಿಸಿದ್ರೆ ಮಾಡಿ ತೋರಿಸಿ. ಈಚೆಗೆ ಯಾಕೆ ಇಂಥವು ಇಷ್ಟು ಅಪರೂಪ ಅನ್ನೋದಕ್ಕೆ ಉತ್ತರ ಅಲ್ಲೇ ಸಿಗುತ್ತೆ.

ಅಲ್ಲೀತನಕ ಟೈಂಪಾಸ್ ಅನ್ನೋ ಪದವನ್ನ ಕಡಲೆಕಾಯಿಗೆ ಬಿಟ್ಟುಕೊಡಿ. ಮೇಲಿನ ಮನೆಯವರಿಗೆ ಇವತ್ತು ಗ್ರೂಪಲ್ಲಿ ಬಯ್ಯೋಕೆ ಟೈಪ್ ಮಾಡ್ತಿದ್ದೀರಲ್ಲ, ಅದನ್ನ ಕಳಿಸೋ ಮುಂಚೆ ಒಂದು ಸಲ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿ.