ಹಬ್ಬದ ಉಡುಗೊರೆಯಾಗಿ ಬಂದ ಚಿತ್ರಚೌಕಟ್ಟು

ದೀಪಾವಳಿ ಸಮೀಪಿಸಿತೆಂದರೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಿಂದ ಮೊದಲ್ಗೊಂಡು ಮನೆಬಾಗಿಲಿಗೇ ಸರಕನ್ನು ತಂದೊಪ್ಪಿಸುವ ಆನ್‌ಲೈನ್ ಮಳಿಗೆಗಳವರೆಗೆ ಎಲ್ಲೆಲ್ಲಿಯೂ ಉಡುಗೊರೆಯ ಮಾತೇ ಮಾತು. ಆ ಉಡುಗೊರೆಗಳ ಪೈಕಿ ಈಚೆಗೆ ಮಧ್ಯಮವರ್ಗದ ಕುಟುಂಬಗಳ ಮನಸ್ಸನ್ನು ಸೆಳೆದಿರುವುದು, ನೋಡುವುದಕ್ಕೆ ಗೋಡೆಯ ಮೇಲಣ ಹಳೆಯ ಕಟ್ಟಿನ ಪಟದಂತೆಯೇ ಇದ್ದು ಒಳಗಿನ ಚಿತ್ರ ಮಾತ್ರ ಗಳಿಗೆಗೊಮ್ಮೆ ಬದಲಾಗುವ ಡಿಜಿಟಲ್ ಫೋಟೊ ಫ್ರೇಮ್. ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ನೆಲೆಸಿದ ಮಗಳು ತನ್ನ ಮೊಬೈಲಿನಿಂದ ಕಳುಹಿಸಿದ ಚಿತ್ರವು ಮನೆಯ ವೈಫೈಯ ಮುಖಾಂತರ ಹಾದುಬಂದು ಡೊಂಬಿವಲಿಯಲ್ಲಿರುವ ತಂದೆತಾಯಿಗಳ ಮನೆಯ ಹಾಲಿನಲ್ಲಿ ತಾನಾಗಿಯೇ ಮೂಡುತ್ತದೆ. ಅವರು ಯಾವ ಗುಂಡಿಯನ್ನೂ ಒತ್ತಬೇಕಾದುದಿಲ್ಲ. ಈ ಕಲ್ಪನೆ ತೀರ ಹೊಸತೂ ಅಲ್ಲ. ಅಮೆರಿಕದ ಸೀವಾ ಎಂಬ ಸಂಸ್ಥೆ 2000ದ ಸುಮಾರಿಗೇ ಟೆಲಿಫೋನ್ ತಂತಿಗೆ ಜೋಡಿಸುವಂಥ ಚೌಕಟ್ಟೊಂದನ್ನು ಮಾರಾಟಕ್ಕೆ ತಂದಿತ್ತು. ಅದು ರಾತ್ರಿಯ ವೇಳೆ ತಾನೇ ಫೋನು ಮಾಡಿ ಹೊಸ ಚಿತ್ರಗಳನ್ನು ತರಿಸಿಕೊಳ್ಳುತ್ತಿತ್ತು.

ಇಂಥ ಉಡುಗೊರೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ದುಡ್ಡು ತೆತ್ತು ಚೌಕಟ್ಟನ್ನು ಕೊಂಡೊಡನೆ ತನ್ನ ಕರ್ತವ್ಯ ಮುಗಿಯಿತೆಂದು ಕೊಡುವವನು ಭಾವಿಸುತ್ತಾನಲ್ಲ, ನನ್ನ ತಕರಾರು ಅಲ್ಲಿ. ಅಂಗಡಿಯವನು ಮಾರುವುದು ಬರಿಯ ಗಾಜಿನ ಫಲಕವನ್ನು. ಅದರೊಳಗೆ ಯಾವ ಚಿತ್ರವಿರಬೇಕು, ಯಾವುದು ಬೇಡ ಎಂದು ವರ್ಷವಿಡೀ ಆರಿಸುವ ಶ್ರಮವೇ ನಿಜವಾದ ಕಾಣಿಕೆ, ಅದನ್ನು ಮಗನೋ ಮಗಳೋ ತಾವೇ ಕೊಡಬೇಕು.

ಛಾಯಾಚಿತ್ರಕ್ಕೂ ಈ ನಗರಕ್ಕೂ ಇರುವ ಸಂಬಂಧ ಪ್ರಾಚೀನವಾದುದು. ಬೊಂಬಾಯಿಯ ಫೋಟೊಗ್ರಾಫಿಕ್ ಸೊಸೈಟಿ ಸ್ಥಾಪಿತವಾದುದು 1854ರಲ್ಲಿ. ರಾಜಾ ದೀನದಯಾಳರು ಇಲ್ಲಿ ತಮ್ಮ ಸ್ಟುಡಿಯೊ ತೆರೆದುದು 1896ರಲ್ಲಿ. ಆದರೆ ಮುಂಬಯಿಯ ಕನ್ನಡಿಗರಾದ ನಮ್ಮವರ ಪಾಲಿಗೆ ಛಾಯಾಚಿತ್ರ ಮುಖ್ಯವಾದುದು ಅರಸರ, ಸಿರಿವಂತರ ಆ ಭವ್ಯ ಸ್ಟುಡಿಯೊಗಳಿಂದಲ್ಲ. ಉಡುಪಿ, ಕುಂದಾಪುರ, ಮೂಲ್ಕಿಗಳ ಕಡೆಯಿಂದ ಹೊರಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು ಇರುಳು ರಾತ್ರಿಶಾಲೆಯಲ್ಲಿ ಓದುತ್ತಿದ್ದ ಹುಡುಗರು, ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ, ಸಂಗಡಿಗನಿಂದ ಎರವಲು ಪಡೆದ ಕೋಟನ್ನು ತೊಟ್ಟು, ಪರದೆಯ ಮೇಲೆ ಬರೆದ ಉದ್ಯಾನದ ಮುಂದೆ ಉಸಿರು ಬಿಗಿಹಿಡಿದು ನಿಂತು ತೆಗೆಸಿಕೊಂಡ ಪೋಸ್ಟ್‌ಕಾರ್ಡ್ ಅಳತೆಯ ಚಿತ್ರ ನಮ್ಮದು. ಅದರ ಬೆನ್ನಿಗೆ ಶಾಯಿಯಲ್ಲಿ ಹೆಸರು, ತಾರೀಖು. ನಿಂತವರು ನಾಲ್ವರಾದರೆ ಎಡದಿಂದ ಬಲಕ್ಕೆ ನಾಲ್ವರದೂ. ಊರಿಗೆ ಹೋಗಬೇಕಾದರೆ ಹಡಗನ್ನೋ ಘಟ್ಟ ಸುತ್ತಿ ಇಳಿಯುವ ಬಸ್ಸನ್ನೋ ನಂಬಬೇಕಾಗಿದ್ದ ದಿನಗಳವು. ಕೊಂಕಣ ರೈಲು ಮಾರ್ಗ ಪೂರ್ಣವಾಗಿ ಲೋಕಾರ್ಪಣೆಗೊಂಡುದು 1998ರ ಜನವರಿಯಲ್ಲಷ್ಟೆ. ಹಾಗಾಗಿ ಅಂಚೆಯಲ್ಲಿ ಬಂದ ಆ ಒಂದು ಚಿತ್ರವನ್ನೇ ತಾಯಿ ನೂರು ಸಲ ನೋಡುವಳು, ನೆರೆಯವರಿಗೆ ತೋರಿಸುವಳು, ಮಗ ಬಡವಾಗಿದ್ದಾನೆಂದು ಕೊರಗುವಳು.

ಈಗ ಅಭಾವ ಹೋಗಿ ಅತಿಶಯ ಬಂದಿದೆ. ಮದುವೆಯೊಂದು ಕಳೆಯಿತೆಂದರೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಸಂಜೆ ಇನ್ನೂರು ಚಿತ್ರಗಳು ಬಂದು ಬೀಳುತ್ತವೆ. ಅವುಗಳಲ್ಲಿ ಒಂದನ್ನಾದರೂ ಎರಡನೆಯ ಸಲ ನೋಡುವವರು ವಿರಳ. ಆರಿಸುವ ತೊಂದರೆಯೇ ಬೇಡವೆಂದು ಮೊಬೈಲಿನ ಸಂಗ್ರಹವನ್ನು ಇಡಿಯಾಗಿ ಫ್ರೇಮಿಗೆ ಜೋಡಿಸಿಬಿಡುವ ಪುಣ್ಯಾತ್ಮರೂ ಉಂಟು. ಪರಿಣಾಮವಾಗಿ, ಹಬ್ಬದ ದಿನ ಬಂದ ಬೀಗರು ಚಕ್ಕುಲಿ ಕಡಿಯುತ್ತ ಕುಳಿತಿರುವಾಗ, ಮೊಮ್ಮಗುವಿನ ನಗುಮೊಗದ ಹಿಂದೆಯೇ ಮಗನ ಆಧಾರ್ ಕಾರ್ಡು, ಅದರ ಹಿಂದೆ ಲೈಟ್ ಬಿಲ್ಲು, ಅದರ ಹಿಂದೆ ಸೊಸೆ ಗೆಳತಿಯರೊಡನೆ ಗೋವೆಯ ಕಡಲತೀರದಲ್ಲಿ ತೆಗೆಸಿಕೊಂಡ ಚಿತ್ರ ಸಾಲಾಗಿ ಪ್ರತ್ಯಕ್ಷವಾಗುತ್ತವೆ. ಒಂದು ಕೋಣೆಯಲ್ಲೇ ಸಂಸಾರವೂ ಅತಿಥಿಸತ್ಕಾರವೂ ನಡೆಯಬೇಕಾದ ಮುಂಬಯಿಯ ಮನೆಗಳಲ್ಲಿ ಹಾಲಿನ ಗೋಡೆ ಎಂದರೆ ಅರ್ಧ ಬೀದಿಯಿದ್ದಂತೆ. ಸೊಸೆಯ ಒಪ್ಪಿಗೆಯನ್ನು ಮೊದಲೇ ಕೇಳಿದ್ದರೆ ಏನಾಗುತ್ತಿತ್ತು?

ಹಿರಿಯರ ಅಳುಕು ಬೇರೊಂದು ಬಗೆಯದು. ನಮ್ಮ ಮನೆಗಳಲ್ಲಿ ಕಟ್ಟುಹಾಕಿಸಿದ ಭಾವಚಿತ್ರಕ್ಕೆ ಗಂಧದ ಹಾರ ಬೀಳುವುದು ವ್ಯಕ್ತಿ ಗತಿಸಿದ ಮೇಲೆ. ಅಂಥ ಅಜ್ಜ ಅಜ್ಜಿಯರ ಪಟಗಳ ಸಾಲಿನಲ್ಲಿ ಬದುಕಿರುವ ಮಕ್ಕಳ ಮುಖ ಹೊಳೆಯುವುದನ್ನು ಕಂಡು, ‘ಅದನ್ನು ಅಲ್ಲಿಡಬೇಡ ಮಾರಾಯ, ಟೀವಿಯ ಪಕ್ಕದಲ್ಲಿಡು’ ಎನ್ನುವ ಅಮ್ಮನ ಮಾತನ್ನು ಮೌಢ್ಯವೆಂದು ತಳ್ಳಿಹಾಕದೆ ಟೀವಿಯ ಪಕ್ಕದಲ್ಲೇ ಇಡುವುದು ಲೇಸು.

ಇನ್ನು ಯಂತ್ರದ ಆಯುಸ್ಸಿನ ಮಾತು. ಕಾಗದದ ಚಿತ್ರಕ್ಕೆ ಬಾಡಿಗೆಯಿರಲಿಲ್ಲ. ಈ ಬಗೆಯ ಅನೇಕ ಚೌಕಟ್ಟುಗಳ ಚಿತ್ರಗಳು ದೂರದ ಯಾವುದೋ ಸಂಸ್ಥೆಯ ಉಗ್ರಾಣದಲ್ಲಿರುತ್ತವೆ. ಆ ಸಂಸ್ಥೆ ಕರಾರು ಬದಲಿಸಿದ ದಿನ ನಮ್ಮ ಉಡುಗೊರೆಯ ಸ್ವರೂಪವೂ ಬದಲಾಗುತ್ತದೆ. ಗೂಗಲ್ ಫೋಟೋಸ್ ತನ್ನ ಮಿತಿಯಿಲ್ಲದ ಉಚಿತ ಸಂಗ್ರಹವನ್ನು 2021ರ ಜೂನ್ 1ರಿಂದ ನಿಲ್ಲಿಸಿ, ಅನ್ಯ ಕಡತಗಳೂ ಸೇರಿ 15 ಜಿಬಿಯ ಮಿತಿ ಹಾಕಿತು. ನಿಕ್ಸ್‌ಪ್ಲೇ ಎಂಬ ಫ್ರೇಮ್ ತಯಾರಕರು 2025ರಲ್ಲಿ ಉಚಿತ ಸಂಗ್ರಹವನ್ನು 10 ಜಿಬಿಯಿಂದ 500 ಎಂಬಿಗೆ ಇಳಿಸಿದರು. ಕೊಂಡುಕೊಳ್ಳುವ ಮುನ್ನ ಚಿತ್ರಗಳು ಫ್ರೇಮಿನೊಳಗೇ ಅಥವಾ ಮೆಮೊರಿ ಕಾರ್ಡಿನಲ್ಲಿ ಉಳಿಯುತ್ತವೆಯೇ, ತಿಂಗಳ ಶುಲ್ಕವುಂಟೇ ಎಂದು ವಿಚಾರಿಸಬೇಕು. ಊರಿನ ಮನೆಗೆ ಒಯ್ಯುವುದಾದರೆ ಇನ್ನೊಂದನ್ನೂ ನೆನೆಯಬೇಕು: ಕರಾವಳಿಯಲ್ಲಿ ಗುಡುಗಿನ ಸದ್ದು ಕೇಳಿದೊಡನೆ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು ರೂಢಿ, ಮತ್ತು ಕಿತ್ತ ಪ್ಲಗ್ಗು ಫ್ರೇಮಿನ ಪಾಲಿಗೆ ಮರಳಿ ಗೋಡೆ ಸೇರುವುದು ಮಗ ಮುಂದಿನ ರಜೆಗೆ ಬಂದಾಗಲೇ.

ಇಷ್ಟಿದ್ದೂ ಕೊಡಲೇಬೇಕೆಂಬ ಪ್ರೀತಿಯಿದ್ದವರು ಹೀಗೆ ಮಾಡಬಹುದು. ಹಬ್ಬಕ್ಕೆ ಮೊದಲು ಒಂದು ಮಧ್ಯಾಹ್ನ ಅಪ್ಪ ಅಮ್ಮಂದಿರೊಡನೆ ಕುಳಿತು, ಕಪಾಟಿನ ಮೇಲಿನ ಟ್ರಂಕನ್ನು ಇಳಿಸಿ, ಕಪ್ಪು ಹಾಳೆಯ ಆಲ್ಬಮಿನಲ್ಲಿ ಮೂಲೆಗೆ ಅಂಟಿಸಿದ ಹಳೆಯ ಚಿತ್ರಗಳನ್ನು ಒಂದೊಂದಾಗಿ ಮೊಬೈಲಿಗೆ ತೆಗೆದುಕೊಳ್ಳಿರಿ. ಕೋಟು ಯಾರದು, ನಡುವೆ ನಿಂತವನು ಯಾರು, ಅವನು ಆಮೇಲೆ ಎಲ್ಲಿಗೆ ಹೋದ ಎಂದು ಕೇಳಿ, ಹೇಳಿದುದನ್ನು ಚಿತ್ರದ ಕೆಳಗೇ ಬರೆಯಿರಿ. ಮೊಮ್ಮಕ್ಕಳ ಹತ್ತು ಚಿತ್ರಗಳೊಂದಿಗೆ ಇವು ಇಪ್ಪತ್ತು ಕೂಡಿದರೆ ಫ್ರೇಮಿಗೆ ಸಾಕಾದೀತು. ಇದೇ ಕೆಲಸವನ್ನು 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಮೊದಲಾದ ಮುಂಬಯಿಯ ನಮ್ಮ ಹಳೆಯ ಸಂಸ್ಥೆಗಳೂ ತಮ್ಮ ಸದಸ್ಯರ ಮನೆಗಳಲ್ಲಿರುವ ಚಿತ್ರಗಳಿಗಾಗಿ ಕೈಗೊಳ್ಳಬಹುದು. ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಓದಿದ ತಲೆಮಾರಿಗೆ ಈಗ ಎಂಬತ್ತು ದಾಟಿದೆ. ಮುಖಗಳನ್ನು ನೋಡಿ ಹೆಸರು ಹೇಳಬಲ್ಲವರು ಅವರೇ ಆದುದರಿಂದ, ಈ ಕೆಲಸವನ್ನು ಮುಂದಿನ ವರ್ಷದ ದೀಪಾವಳಿಗೆಂದು ಮುಂದೂಡದೆ ಈ ವರ್ಷವೇ ಮಾಡಿ ಮುಗಿಸಿರಿ.