ಎರಡು ಕ್ಯಾನು ನೀರು, ಇನ್ನೂರು ಕಿಲೊಮೀಟರು

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಕ್ಕನ ಮಗ ಕಳೆದ ಬೇಸಿಗೆಯಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹತ್ತು ದಿನ ಪ್ರವಾಸ ಹೋಗಿದ್ದ. ಎಲ್ಲೂ ಹೋಟೆಲಿನಲ್ಲಿ ಕೋಣೆ ಹಿಡಿಯಲಿಲ್ಲವಂತೆ. ಮನೆಯನ್ನೇ ಬಾಡಿಗೆಗೆ ತೆಗೆದುಕೊಂಡು ಓಡಿಸಿಕೊಂಡು ಹೋಗಿದ್ದಾನೆ. ಅಲ್ಲಿ ಅದಕ್ಕೆ ‘ಆರ್‌ವಿ’ ಎನ್ನುತ್ತಾರೆ. ನಮ್ಮ ಮಿನಿ ಬಸ್ಸಿನಂಥ ಗಾಡಿ. ಒಳಗೆ ಮಂಚ, ಒಲೆ, ಫ್ರಿಜ್ಜು, ಬಚ್ಚಲು, ಕಕ್ಕಸು ಎಲ್ಲವೂ ಉಂಟು. ಒಂದು ಪಕ್ಕಕ್ಕೆ ಸಿಯೆರಾ ನೆವಾಡ ಪರ್ವತಗಳು, ಇನ್ನೊಂದು ಪಕ್ಕಕ್ಕೆ ಮರುಭೂಮಿ. ನಡುವಿನ ರಸ್ತೆಯಲ್ಲಿ ಇವರ ಮನೆ ಉರುಳುತ್ತಾ ಹೋಗಿದೆ.

ಅವನು ಕಳಿಸಿದ ಚಿತ್ರಗಳಲ್ಲಿ ನನ್ನ ಗಮನ ಸೆಳೆದದ್ದು ಪರ್ವತವಲ್ಲ, ಗಾಡಿಯ ಗೋಡೆಗಿದ್ದ ಒಂದು ಸಣ್ಣ ಮೀಟರು. ಈ ಗಾಡಿಗಳಲ್ಲಿ ಮೂರು ಟ್ಯಾಂಕುಗಳಿರುತ್ತವೆ. ಒಂದರಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ಪಾತ್ರೆ ತೊಳೆದ, ಮಿಂದ ನೀರು, ಮೂರನೆಯದರಲ್ಲಿ ಕಕ್ಕಸಿನದು. ಯಾವುದು ಎಷ್ಟು ತುಂಬಿದೆ ಎಂದು ಆ ಮೀಟರು ತೋರಿಸುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸ ಅವನ ಹತ್ತು ವರ್ಷದ ಮಗಳದು. ‘ಮಾವ, ಮನೆಯಲ್ಲಿ ಅರ್ಧ ಗಂಟೆ ಷವರ್ ಕೆಳಗೆ ನಿಲ್ಲುವವಳು ಅಲ್ಲಿ ನನಗೇ ನಲ್ಲಿ ನಿಲ್ಲಿಸು ಅಂತ ಗದರಿಸಿದಳು’ ಎಂದ.

ಅವರು ಹೋದ ದಾರಿಯ ಆಚೆಗೇ ಡೆತ್ ವ್ಯಾಲಿ ಎಂಬ ಕಣಿವೆ ಇದೆ. 1913ರಲ್ಲಿ ಅಲ್ಲಿ 56.7 ಡಿಗ್ರಿ ಸೆಲ್ಸಿಯಸ್ ಬಿಸಿಲು ದಾಖಲಾಗಿತ್ತು. ವರ್ಷಕ್ಕೆ ಬೀಳುವ ಮಳೆ ಎರಡು ಅಂಗುಲದ ಆಸುಪಾಸು. ಬೇಸಿಗೆಯಲ್ಲಿ ಗಾಡಿಯನ್ನು ಅತ್ತ ಒಯ್ಯಕೂಡದು ಎಂದು ಬಾಡಿಗೆಯ ಕರಾರಿನಲ್ಲೇ ಬರೆದಿತ್ತಂತೆ. ಕಾರಣ ಸರಳ. ಪಶ್ಚಿಮದ ಸಾಗರದಿಂದ ಬರುವ ಮೋಡಗಳು ಸಿಯೆರಾ ನೆವಾಡಕ್ಕೆ ಡಿಕ್ಕಿ ಹೊಡೆದು ಅಲ್ಲೇ ಸುರಿದುಬಿಡುತ್ತವೆ. ಬೆನ್ನ ಹಿಂದಿನ ನಾಡಿಗೆ ಒಣ ಗಾಳಿಯಷ್ಟೇ ಗತಿ.

ಇದನ್ನೆಲ್ಲ ಕೇಳುತ್ತಾ ಚಿತ್ರದುರ್ಗದ ನನ್ನ ತಮ್ಮನ ಮನೆಯಲ್ಲಿ ಕೂತಿದ್ದೆ. ತಮ್ಮನ ಮಗಳು ಒಂಬತ್ತನೇ ಕ್ಲಾಸು. ‘ಮಳೆ ನೆರಳಿನ ಪ್ರದೇಶ ಎಂದರೇನಮ್ಮ?’ ಎಂದೆ. ಎರಡು ಅಂಕದ ಉತ್ತರವನ್ನು ಉಸಿರು ಬಿಡದೆ ಒಪ್ಪಿಸಿದಳು. ‘ಹಾಗಾದರೆ ನೀನಿರೋದು ಎಲ್ಲಿ?’ ಎಂದೆ. ‘ಚಿತ್ರದುರ್ಗದಲ್ಲಿ ದೊಡ್ಡಪ್ಪ’ ಎಂದಳು!

ಅವಳ ತಪ್ಪಲ್ಲ. ಇಲ್ಲಿಂದ ಇನ್ನೂರು ಕಿಲೊಮೀಟರಿನೊಳಗೇ ಆಗುಂಬೆ ಇದೆ. ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ದುರ್ಗದಲ್ಲಿ ಐನೂರು, ಆರುನೂರು ದಾಟಿದರೆ ಒಳ್ಳೆಯ ವರ್ಷ. ಮರುಭೂಮಿ ಎನ್ನಲು ಬಾರದು, ಆದರೆ ಒಣಗಲು ಕಾರಣ ಅದೇ. ಅಲ್ಲಿ ಸಿಯೆರಾ, ಇಲ್ಲಿ ಸಹ್ಯಾದ್ರಿ. ಪಾಠ ಪುಸ್ತಕದಲ್ಲಿದೆ, ಊರು ಕಿಟಕಿಯಾಚೆ ಇದೆ. ಎರಡಕ್ಕೂ ನಂಟು ಹಚ್ಚಿದವರು ಯಾರೂ ಇಲ್ಲ. ಬೇಸಿಗೆ ರಜೆ ಬಂದರೆ ಮಕ್ಕಳನ್ನು ಊಟಿಗೆ, ಇಲ್ಲವೇ ಟ್ಯೂಷನ್ನಿಗೆ ಅಟ್ಟುತ್ತೇವೆ. ಬಿಸಿಲಿನಿಂದ ಓಡಿಹೋಗುವುದನ್ನಷ್ಟೇ ಕಲಿಸುತ್ತೇವೆ.

ಹಾಗೆ ಹೊರಟದ್ದು ನಮ್ಮ ಪ್ರವಾಸ. ಏಪ್ರಿಲ್ ಕೊನೆಯ ವಾರ, ಒಂದು ಬಾಡಿಗೆ ಟೆಂಪೊ, ದೊಡ್ಡವರೂ ಮಕ್ಕಳೂ ಸೇರಿ ಒಂಬತ್ತು ಮಂದಿ, ಮೂರು ದಿನ. ಗ್ಯಾಸ್ ಒಲೆ, ಅಕ್ಕಿ, ಬೇಳೆ, ಮಂಡಕ್ಕಿ, ಚಾಪೆ. ಇದೇನೂ ನಮಗೆ ಹೊಸದಲ್ಲ ಬಿಡಿ. ಕಮಾನು ಕಟ್ಟಿದ ಗಾಡಿಯಲ್ಲಿ ಪಾತ್ರೆ ಪಡಗ ಹೇರಿಕೊಂಡು ನಾಯಕನಹಟ್ಟಿ ಜಾತ್ರೆಗೆ ಹೋಗುತ್ತಿದ್ದ ನಮ್ಮ ಅಜ್ಜಂದಿರದೂ ಗಾಲಿ ಮೇಲಿನ ಮನೆಯೇ. ನಾನು ಹಾಕಿದ ಷರತ್ತು ಒಂದೇ. ದಿನಕ್ಕೆ ಇಪ್ಪತ್ತು ಲೀಟರಿನ ಎರಡು ಕ್ಯಾನು ನೀರು. ಕುಡಿಯಲು, ಅಡಿಗೆಗೆ, ಪಾತ್ರೆಗೆ ಅಷ್ಟರಲ್ಲೇ ಆಗಬೇಕು. ಬಾಟಲಿ ನೀರು ಕೊಳ್ಳುವಂತಿಲ್ಲ. ಲೆಕ್ಕದ ಪುಸ್ತಕ ತಮ್ಮನ ಮಗಳ ಕೈಗೆ.

ಕೋಟೆಯನ್ನು ಬಿಸಿಲೇರುವ ಮುಂಚೆ ಹತ್ತಿದೆವು. ಏಳು ಸುತ್ತಿನ ಕೋಟೆ, ಮದಕರಿ ನಾಯಕ, 1779ರಲ್ಲಿ ಹೈದರಾಲಿಯ ಕೈಸೇರಿದ್ದು, ಇವೆಲ್ಲ ಮಕ್ಕಳಿಗೆ ಗೊತ್ತಿತ್ತು. ಈ ಸಲ ನಾವು ನೋಡಲು ಹೋದದ್ದು ನೀರನ್ನು. ಬರೀ ಬಂಡೆಯ ಬೆಟ್ಟ. ಆದರೆ ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಜಾರುತ್ತದೆ. ಜಾರಿದ್ದನ್ನು ಹಿಡಿದರೆ ಆಯಿತು. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ ತಂಗಿಯರ ಹೊಂಡ, ಅಲ್ಲಿಂದ ಕೆಳಗೆ ಪೇಟೆಯ ಸಿಹಿನೀರು ಹೊಂಡ, ಕೊನೆಗೆ ಸಂತೆ ಹೊಂಡ. ಒಂದರ ಹೆಚ್ಚಳ ಇನ್ನೊಂದರ ಪಾಲು. ಪಂಪಿಲ್ಲ, ಕರೆಂಟಿಲ್ಲ. ಒನಕೆ ಓಬವ್ವನ ಕಿಂಡಿಯ ಹತ್ತಿರ ತಣ್ಣೀರು ದೋಣಿ ಇದೆ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದಾಗಲೇ ಓಬವ್ವನಿಗೆ ಶತ್ರುಗಳ ಸದ್ದು ಕೇಳಿಸಿತು ಎಂದಲ್ಲವೇ ನಾವು ಕೇಳಿದ ಕಥೆ? ಒನಕೆ ಎಲ್ಲರ ನೆನಪಿನಲ್ಲಿದೆ. ಕೊಡವನ್ನು ಮರೆತಿದ್ದೇವೆ.

ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿ ನೋಡಿದ್ದರು. ಅವರಿಗಿಂತ ಮೊದಲೇ ನಮ್ಮವರಾದ ಎಂ.ಎಚ್. ಕೃಷ್ಣ ಅಗೆಸಿದ್ದರು. ಶಾತವಾಹನರ ನಾಣ್ಯಗಳ ಜೊತೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕ ಜಾಗವಿದು. ಹುಡುಗರು ಅದನ್ನು ಕೇಳಿ ಹುಬ್ಬೇರಿಸಿದರು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಇಲ್ಲಿನ ಬಂಡೆಯ ಮೇಲಿನ ಕದಂಬ ಮಯೂರಶರ್ಮನ ಶಾಸನ. ರಾಜ ಕಟ್ಟಿದವನು, ಹೋರಾಡಿದವನು. ಆದರೆ ಆ ಶಾಸನ ಹೇಳುವುದು ಕೆರೆಯೊಂದರ ಸಂಗತಿಯನ್ನು. ನಾಲ್ಕನೇ ಶತಮಾನದಲ್ಲೂ ಇಲ್ಲಿ ಹೇಳಿಕೊಳ್ಳುವಂಥ ಕೆಲಸ ಅದೇ ಆಗಿತ್ತು.

ಅಲ್ಲಿಂದ ಹೆದ್ದಾರಿ ಹಿಡಿದು ಹಿರಿಯೂರಿನ ದಿಕ್ಕಿಗೆ. ಹೊತ್ತು ಹೋಗಲೆಂದು ಟೆಂಪೊದಲ್ಲಿ ಒಂದು ಆಟ ಹೂಡಿದೆವು. ನೀರಿನ ಹೆಸರುಳ್ಳ ಊರುಗಳನ್ನು ಹೇಳಬೇಕು. ಹೊಳಲ್ಕೆರೆ, ಚಳ್ಳಕೆರೆ, ಹೊರಕೆರೆದೇವರಪುರ, ಭರಮಸಾಗರ, ಭೀಮಸಮುದ್ರ... ಆರನೇ ಕ್ಲಾಸಿನ ಹುಡುಗ ನಡುವೆ ತಡೆದು, ‘ಸಮುದ್ರ ಎಲ್ಲಿದೆ ಇಲ್ಲಿ?’ ಎಂದ. ಕೆರೆಗೇ ಹಾಗೆ ಹೆಸರಿಟ್ಟರಪ್ಪ ಎಂದೆ. ಅವನಿಗೆ ಅದು ಸುಳ್ಳು ಹೇಳಿದಂತೆ ತೋರಿತು.

ಸುಳ್ಳಲ್ಲವೆಂದು ತೋರಿಸಲು ಜಾಗವೊಂದಿತ್ತು. ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒತ್ತಿಟ್ಟಂಥ ಕಲ್ಲುಗಳಿವೆ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 1976ರಲ್ಲಿ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ವಯಸ್ಸು ಸುಮಾರು 250 ಕೋಟಿ ವರ್ಷ. ಬೆಲ್ಲದ ಪಾಕದ ಹದ ನೋಡಲು ತಾಯಂದಿರು ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಡುತ್ತಾರಲ್ಲ, ಅದು ಹೇಗೆ ಉಂಡೆಗಟ್ಟುತ್ತದೋ ಹಾಗೆ. ಕಾದ ಶಿಲಾರಸ ನೀರಿನೊಳಗೆ ಉಕ್ಕಿದರೆ ಹೊರಮೈ ತಟ್ಟನೆ ಗಟ್ಟಿಯಾಗಿ ದಿಂಬಿನ ಆಕಾರ ತಾಳುತ್ತದೆ. ಬಯಲಲ್ಲಿ ಉಕ್ಕಿದರೆ ಹೀಗಾಗದು. ಅಂದರೆ ನಾವು ನಿಂತದ್ದು ಕಡಲಿನ ತಳದಲ್ಲಿ, ಸೂರ್ಯ ನೆತ್ತಿಯ ಮೇಲೆ, ಕಾಲ ಬುಡದಲ್ಲಿ ಒಂದು ಹಸಿರು ಗರಿಕೆಯೂ ಇಲ್ಲ. ಹುಡುಗ ಕಲ್ಲಿನ ಮೇಲೆ ಅಂಗೈ ಇಟ್ಟು ಸುಟ್ಟುಕೊಂಡು ಕೊಡವಿದ. ಮತ್ತೆ ವಾದ ಮಾಡಲಿಲ್ಲ.

ವಾಣಿವಿಲಾಸ ಸಾಗರ ತಲುಪಿದಾಗ ಸಂಜೆ. ಊರವರ ಬಾಯಲ್ಲಿ ಇದು ಇಂದಿಗೂ ಮಾರಿಕಣಿವೆ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಲ್ಲು ಗಾರೆಯಲ್ಲಿ ಕಟ್ಟಿದ ಅಣೆ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಮೈಸೂರನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಮೂವತ್ತು ಟಿಎಂಸಿ ಹಿಡಿಯುವ ಈ ಕೊಳ್ಳ ತುಂಬಬೇಕಾದರೆ ಚಿಕ್ಕಮಗಳೂರಿನ ಗುಡ್ಡಗಳಲ್ಲಿ ಮಳೆ ಚೆನ್ನಾಗಿ ಹಿಡಿಯಬೇಕು. 1933ರಲ್ಲಿ ಕೋಡಿ ಬಿತ್ತು. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ! ಎಂಬತ್ತೊಂಬತ್ತು ವರ್ಷ. ನನ್ನ ತಂದೆ ತಮ್ಮ ತಂದೆ ಕಂಡ ಕೋಡಿಯ ಕಥೆ ಹೇಳುತ್ತಲೇ ತೀರಿಕೊಂಡರು, ತಾವು ನೋಡಲಿಲ್ಲ. ಆ ವರ್ಷ ಜನ ಜಾತ್ರೆಯಂತೆ ಸೇರಿದ್ದರು. ಮುದುಕರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದವರಿದ್ದರು. ಈಗೀಗ ಭದ್ರೆಯ ನೀರನ್ನೂ ಎತ್ತಿ ಹರಿಸುತ್ತಿರುವುದರಿಂದ 2025ರ ಜನವರಿಯಲ್ಲಿ ಮತ್ತೆ ತುಂಬಿತು.

ಆದರೆ ಪೂರ್ತಿ ಕಥೆ ಹೇಳಬೇಕಲ್ಲ. ಅಣೆಯ ಕೆಳಗಿನ ಹಿರಿಯೂರು ಕುಣಿದಾಗ ಹಿನ್ನೀರಿನ ಹೊಸದುರ್ಗದ ಕಡೆ ಕೆಲವರ ತೋಟಗಳು ನೀರಿನಲ್ಲಿ ನಿಂತಿದ್ದವು. ಒಂದೇ ನೀರು, ಒಂದು ದಡದಲ್ಲಿ ಬಾಗಿನ, ಇನ್ನೊಂದು ದಡದಲ್ಲಿ ಕಣ್ಣೀರು. ಅಕ್ಕನ ಮಗ ಹೋದ ಓವೆನ್ಸ್ ಕಣಿವೆಯಲ್ಲೂ ಹೀಗೆಯೇ ಒಂದು ಕಥೆ ಇದೆ. ಅಲ್ಲಿನ ಹೊಳೆಯ ನೀರನ್ನು 1913ರಲ್ಲಿ ಕಾಲುವೆ ಮಾಡಿ ದೂರದ ಲಾಸ್ ಏಂಜಲಿಸ್ ನಗರಕ್ಕೆ ಒಯ್ದರು. ನಗರ ಬೆಳೆಯಿತು, ಕಣಿವೆಯ ಸರೋವರ ಒಣಗಿ ಧೂಳಾಯಿತು. ನೀರು ಯಾರದು ಎಂಬ ಪ್ರಶ್ನೆಗೆ ಮಕ್ಕಳು ಆ ರಾತ್ರಿ ಚಾಪೆಯ ಮೇಲೆ ಮಲಗಿ ಬಹಳ ಹೊತ್ತು ಜಗಳವಾಡಿದರು. ನಾನು ತೀರ್ಪು ಕೊಡಲು ಹೋಗಲಿಲ್ಲ, ನನ್ನ ಬಳಿ ಇರಲೂ ಇಲ್ಲ.

ಮರುದಿನ ಹೊಸದುರ್ಗದ ದಾರಿಯಲ್ಲಿ ಟೆಂಪೊ ಕೈಕೊಟ್ಟಿತು. ಹನ್ನೊಂದೂವರೆ ಗಂಟೆ, ಏರು ರಸ್ತೆ, ಬಾನೆಟ್ಟಿನಿಂದ ಹಬೆ. ರೇಡಿಯೇಟರ್ ಕುದಿದಿತ್ತು. (ಹುಡುಗರೇ, ಬಿಸಿಯಿರುವಾಗ ಅದರ ಮುಚ್ಚಳ ತೆಗೆಯಕೂಡದು. ಒಳಗೆ ಒತ್ತಡವಿರುತ್ತದೆ, ನೀರು ಮುಖಕ್ಕೇ ಚಿಮ್ಮುತ್ತದೆ.) ಅರ್ಧ ಗಂಟೆ ಜಾಲಿಯ ನೆರಳಲ್ಲಿ ಕೂತೆವು. ಎಂಟು ಲೀಟರಾದರೂ ಬೇಕು ಎಂದ ಡ್ರೈವರ್. ನಮ್ಮಲ್ಲಿ ಉಳಿದಿದ್ದದ್ದು ಹದಿನಾಲ್ಕು. ಅದರಲ್ಲಿ ಅಡಿಗೆ, ಒಂಬತ್ತು ಬಾಯಿ, ರಾತ್ರಿಯವರೆಗೆ. ಹುಡುಗಿ ಪುಸ್ತಕ ತೆಗೆದು ಎರಡು ಸಲ ಕಳೆದು ನೋಡಿದಳು.

ದೂರದಲ್ಲೊಂದು ಹೆಂಚಿನ ಮನೆ ಕಾಣಿಸಿತು. ಖಾಲಿ ಕ್ಯಾನು ಹಿಡಿದು ಹೋದೆವು. ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಮುದುಕಿ ನಮ್ಮನ್ನು ಕಂಡು, ‘ಏನ್ರಪ್ಪಾ, ಇಂಥಾ ಬಿಸ್ಲಾಗೆ ಹುಡುಗ್ರನ್ನ ಕಟ್ಕೊಂಡು ಬಂದೀರ’ ಎಂದಳು. ಸಂಗತಿ ಹೇಳಿದೆವು. ಒಳಗಿನಿಂದ ತುಂಬಿದ ಬಿಂದಿಗೆ ತಂದು ಕ್ಯಾನಿಗೆ ಸುರಿದಳು. ಇನ್ನೊಂದು ತಂದಳು. ಊರಿನ ಬೋರು ಎಂಟುನೂರು ಅಡಿಯಂತೆ. ‘ನಮಗೆ ಮೂರು ದಿನಕ್ಕೊಂದ್ ಸರ್ತಿ ಬಿಡ್ತಾರೆ, ನಾಳಿಕ್ ಬರ್ತೈತೆ ತಗಳಿ’ ಎಂದಳು. ನಾನು ಜೇಬಿಗೆ ಕೈ ಹಾಕಿದೆ. ‘ನೀರಿಗೆ ದುಡ್ಡಾ?’ ಎಂದು ನಕ್ಕುಬಿಟ್ಟಳು. ಆ ನಗುವಿನಲ್ಲಿ ನನ್ನ ಬಗ್ಗೆ ಸ್ವಲ್ಪ ಮರುಕವೂ ಇತ್ತು ಎನಿಸಿತು. ಅಂಗಳದಲ್ಲಿ ಮೂರು ಬಿಂದಿಗೆ ಬೋರಲು ಹಾಕಿದ್ದವು. ಅವುಗಳಲ್ಲಿ ಎರಡು ಈಗ ತಾನೇ ನಮಗಾಗಿ ಖಾಲಿಯಾದವು.

ಆ ಮಧ್ಯಾಹ್ನ ಅನ್ನ ಸಾರಿನ ಬದಲು ಮಂಡಕ್ಕಿ ತಿಂದೆವು. ಯಾರೂ ಹೇಳದೆಯೇ ಹಾಗಾಯಿತು.

ಹೊಸದುರ್ಗದ ಸೀಮೆಯಲ್ಲಿ ದಾಳಿಂಬೆ, ತೆಂಗಿನ ತೋಟಗಳು ಒಣ ಬಯಲಿನ ಮಧ್ಯೆ ಹಸಿರು ತೇಪೆಗಳಂತೆ ಕಾಣುತ್ತವೆ. ಕಪ್ಪು ಪೈಪುಗಳ ಹನಿ ನೀರಾವರಿ. ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರದವರು 1997ರಿಂದ ನಾಟಕಗಳನ್ನು ಗಾಡಿಯಲ್ಲಿ ಹೇರಿಕೊಂಡು ಕರ್ನಾಟಕ ಸುತ್ತುತ್ತಾರೆ ಎಂದು ಹೇಳಿದಾಗ ಹುಡುಗ, ‘ಅವರು ನೀರು ಎಲ್ಲಿ ತುಂಬಿಸ್ಕೊಳ್ತಾರೆ?’ ಎಂದು ಕೇಳಿದ. ಮೂರು ದಿನದ ಹಿಂದಾಗಿದ್ದರೆ ‘ಎಲ್ಲಿ ಮಲಗ್ತಾರೆ’ ಎನ್ನುತ್ತಿದ್ದನೇನೋ.

ಹೊಳಲ್ಕೆರೆಯಲ್ಲಿ ಬಯಲು ಗಣಪತಿಗೆ ಕೈಮುಗಿದು ಸಂಜೆಯ ಹೊತ್ತಿಗೆ ದುರ್ಗಕ್ಕೆ ಮರಳಿದೆವು. ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಮೋಡ ಹೊರದ ಗಾಳಿ ಕರೆಂಟನ್ನಾದರೂ ಕೊಡುತ್ತಿದೆ. ಒಟ್ಟು ಸುತ್ತು ಇನ್ನೂರು ಕಿಲೊಮೀಟರಿನಷ್ಟು. ಖರ್ಚು ಊಟಿಯ ಕಾಲುಭಾಗವೂ ಆಗಲಿಲ್ಲ. ಹೊರಡುವವರು ಬೆಳಿಗ್ಗೆ ಆರರಿಂದ ಹನ್ನೊಂದು, ಸಂಜೆ ನಾಲ್ಕರ ಮೇಲೆ ಮಾತ್ರ ತಿರುಗಾಡಿ. ಟೋಪಿ, ಮಜ್ಜಿಗೆ, ಉಪ್ಪು ಸಕ್ಕರೆ ಜೊತೆಗಿರಲಿ. ರೇಡಿಯೇಟರನ್ನು ಹೊರಡುವ ಮೊದಲೇ ತೋರಿಸಿ.

ಲೆಕ್ಕದ ಪುಸ್ತಕವನ್ನು ಆಮೇಲೆ ನೋಡಿದೆ. ಮೂರು ದಿನಕ್ಕೆ ಆರು ಕ್ಯಾನು, ನೂರಿಪ್ಪತ್ತು ಲೀಟರು, ಪೈಸೆಗೆ ಪೈಸೆ ಎಂಬಂತೆ ಬರೆದಿದ್ದಾಳೆ. ಮುದುಕಿಯ ಎರಡು ಬಿಂದಿಗೆ ಕೊನೆಯ ಸಾಲಿನಲ್ಲಿ ಬೇರೆಯಾಗಿ ಇದೆ. ಜಮಾ ಎಂದು ಬರೆದು ಹೊಡೆದುಹಾಕಿ, ಪಕ್ಕದಲ್ಲಿ ‘ಸಾಲ’ ಎಂದು ಬರೆದಿದ್ದಾಳೆ. ದಸರಾ ರಜೆಯಲ್ಲಿ ಆ ಕಡೆ ಮತ್ತೊಮ್ಮೆ ಹೋಗೋಣವೇ ಎಂದು ಅವರಪ್ಪನನ್ನು ಕೇಳುತ್ತಿದ್ದಾಳಂತೆ. ಆ ಹೊತ್ತಿಗೆ ಮಳೆ ಆಗಿರಬೇಕು.