ಹೊಸ ನರ್ಸಿಂಗ್ ಪದವೀಧರರಿಗೆ ಮನೋವೈದ್ಯಕೀಯ ಸೇವೆಗೆ ನೇರ ಪ್ರವೇಶ: ಮನವಿ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ, ಬೆಂಗಳೂರು.

ಇಂದ,
ಬಾಲಾನಗರದಲ್ಲಿ ನೆಲೆಸಿರುವ ಕನ್ನಡಿಗ ನರ್ಸಿಂಗ್ ಪದವೀಧರರು ಮತ್ತು ಪೋಷಕರು, ಹೈದರಾಬಾದ್.

ವಿಷಯ: ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ಕೂಡಲೇ ಮನೋವೈದ್ಯಕೀಯ ವಿಭಾಗದಲ್ಲಿ ಸೇವೆಗೆ ಸೇರಲು ಅವಕಾಶ ಹಾಗೂ ತರಬೇತಿ ಕಲ್ಪಿಸುವ ಕುರಿತು.

ಮಾನ್ಯರೇ,

ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ದುಡಿಮೆಗೆಂದು ಬಂದು ಬಾಲಾನಗರದ ಕೈಗಾರಿಕಾ ಪ್ರದೇಶದ ಸುತ್ತ ನೆಲೆಸಿದ ಕುಟುಂಬಗಳ ಪರವಾಗಿ ಈ ಮನವಿ ಸಲ್ಲಿಸುತ್ತಿದ್ದೇವೆ. ನರ್ಸಿಂಗ್ ಓದಿದ ನಮ್ಮ ಮಕ್ಕಳಲ್ಲಿ ಕೆಲವರಿಗೆ ಮಾನಸಿಕ ಕಾಯಿಲೆಯವರ ಆರೈಕೆಯನ್ನೇ ವೃತ್ತಿಯಾಗಿ ಹಿಡಿಯುವ ಮನಸ್ಸಿದೆ. ಆದರೆ ಮೊದಲು ಒಂದೆರಡು ವರ್ಷ ಜನರಲ್ ವಾರ್ಡಿನಲ್ಲಿ ಕೈ ಪಳಗಲಿ, ಸೈಕಿಯಾಟ್ರಿ ಆಮೇಲೆ ನೋಡಿದರಾಯಿತು ಎಂಬ ಮಾತು ರೂಢಿಯಲ್ಲಿದೆ. ಈ ರೂಢಿಗೆ ಕಾನೂನಿನ ಆಧಾರವಿಲ್ಲ. ರೋಗಿಗಳಿಗೂ ಇದರಿಂದ ಒಳಿತಿಲ್ಲ.

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಸಾಮಾನ್ಯ ನರ್ಸಿಂಗ್‌ನಲ್ಲಿ ಮಾನ್ಯತೆ ಪಡೆದ ಡಿಪ್ಲೊಮಾ ಅಥವಾ ಪದವಿ ಇದ್ದು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರನ್ನೂ ಮಾನಸಿಕ ಆರೋಗ್ಯ ನರ್ಸ್ ಎಂದೇ ಪರಿಗಣಿಸುತ್ತದೆ. ಇಷ್ಟು ವರ್ಷ ಬೇರೆ ವಾರ್ಡಿನಲ್ಲಿ ದುಡಿದಿರಬೇಕೆಂಬ ಷರತ್ತು ಆ ವ್ಯಾಖ್ಯೆಯಲ್ಲಿಲ್ಲ. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ವೃತ್ತಿಪರರನ್ನು ಹತ್ತು ವರ್ಷಗಳೊಳಗೆ ಒದಗಿಸಲು ಸರ್ಕಾರ ಪ್ರಯತ್ನಿಸಬೇಕೆಂದು ಇದೇ ಕಾಯ್ದೆಯ 31ನೇ ಕಲಂ ಹೇಳುತ್ತದೆ. ಆ ಗಡುವು 2028ರ ಮೇ ತಿಂಗಳಿಗೆ ಮುಗಿಯುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಮಾನಸಿಕ ಸಮಸ್ಯೆಯಿದೆ. ಕಾಯಿಲೆಗೆ ಅನುಗುಣವಾಗಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ. ಹೀಗಿರುವಾಗ ಬರಲು ಸಿದ್ಧರಿರುವವರನ್ನು ಬಾಗಿಲಲ್ಲೇ ತಡೆಯುವುದು ಸರಿಯಲ್ಲ.

ಮನೋವೈದ್ಯಕೀಯ ವಾರ್ಡಿಗೆ ನೇರವಾಗಿ ಹೋದರೆ ಕಲಿತ ಕೈಕೆಲಸ ಮರೆತುಹೋಗುತ್ತದೆ ಎಂಬುದು ಮೊದಲ ಆಕ್ಷೇಪ. ವಾರ್ಡಿನ ಒಂದು ಪಾಳಿಯ ಕೆಲಸ ನೋಡಿದರೆ ಇದು ನಿಲ್ಲುವುದಿಲ್ಲ. ಲಿಥಿಯಂ ತೆಗೆದುಕೊಳ್ಳುವ ರೋಗಿಗೆ ವಾಂತಿ, ಭೇದಿ, ಕೈನಡುಕ ಹೆಚ್ಚಿ ನಡಿಗೆ ತಪ್ಪುತ್ತಿದ್ದರೆ ಅದು ವಿಷವೇರಿಕೆಯ ಸೂಚನೆಯೆಂದು ಮೊದಲು ಗುರುತಿಸಬೇಕಾದವರು ನರ್ಸ್. ಲಿಥಿಯಂ ಮಟ್ಟದ ವಾಡಿಕೆಯ ಪರೀಕ್ಷೆಗೆ ರಕ್ತದ ಮಾದರಿಯನ್ನು ಹಿಂದಿನ ಡೋಸ್ ಆಗಿ 12 ಗಂಟೆಗಳ ನಂತರ ತೆಗೆಯಬೇಕು. ಕ್ಲೋಜಪೈನ್ ಕೊಡುವಾಗ ಬಿಳಿ ರಕ್ತಕಣಗಳ ಎಣಿಕೆಯ ಮೇಲೆ ಕಣ್ಣಿಡಬೇಕು. ಕುಡಿತ ಬಿಟ್ಟವರಲ್ಲಿ ಫಿಟ್ಸ್, ಸನ್ನಿ ಬಾರದಂತೆ ಕಾಯಬೇಕು. ಮಾತ್ರೆಯನ್ನು ನಾಲಿಗೆಯಡಿ ಬಚ್ಚಿಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಅದೂ ರೋಗಿಯ ಮಾನಕ್ಕೆ ಕುಂದು ಬಾರದಂತೆ. ಈ ಕೊನೆಯ ಕೌಶಲ ಬೇರೆ ವಾರ್ಡಿನಲ್ಲಿ ಕಲಿಯಲು ಸಿಗುವುದೇ ಅಪರೂಪ. ಬ್ರಿಟನ್ನಿನಲ್ಲಂತೂ ಮಾನಸಿಕ ಆರೋಗ್ಯವನ್ನೇ ವಿಷಯವಾಗಿ ಓದಿ ನೋಂದಣಿ ಪಡೆದವರು ಮೊದಲ ದಿನದಿಂದಲೇ ಆ ವಿಭಾಗದಲ್ಲಿ ಕೆಲಸ ಮಾಡುತ್ತಾರೆ.

ಸುರಕ್ಷತೆ ಮತ್ತು ಪ್ರಬುದ್ಧತೆಯ ಆಕ್ಷೇಪ ಇದಕ್ಕಿಂತ ತೂಕದ್ದು. ನಾವು ಅದನ್ನು ತಳ್ಳಿಹಾಕುವುದಿಲ್ಲ. ಇಪ್ಪತ್ತೆರಡರ ಹುಡುಗಿಯನ್ನು ತುಂಬಿದ ವಾರ್ಡಿನಲ್ಲಿ ರಾತ್ರಿ ಪಾಳಿಗೆ ಒಬ್ಬಳೇ ಬಿಟ್ಟರೆ ಅವಳಿಗೂ ಅಪಾಯ, ರೋಗಿಗೂ ಅಪಾಯ. ಆದರೆ ಉದ್ರೇಕಗೊಂಡವರನ್ನು ಮಾತಿನಿಂದ ಶಾಂತಗೊಳಿಸುವುದು, ಆತ್ಮಹತ್ಯೆಯ ಸುಳಿವನ್ನು ಓದುವುದು ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಎರಡು ವರ್ಷ ದುಡಿದ ಮಾತ್ರಕ್ಕೆ ಬರುವುದಿಲ್ಲ. ಅನುಭವಿ ನರ್ಸ್ ಒಬ್ಬರ ಜೊತೆಗಿದ್ದು ಮಾಡುತ್ತಲೇ ಅದನ್ನು ಕಲಿಯಬೇಕು. ಆದ್ದರಿಂದ ಪ್ರವೇಶವನ್ನು ತಡಮಾಡುವುದು ಪರಿಹಾರವಲ್ಲ, ಮಾರ್ಗದರ್ಶನ ಕೊಡುವುದು ಪರಿಹಾರ.

ರಾಜ್ಯ ಸರ್ಕಾರಕ್ಕೆ ಸಲಹೆ ನೀಡುವ ಮತ್ತು ಮಾನಸಿಕ ಆರೋಗ್ಯ ನರ್ಸ್‌ಗಳನ್ನು ನೋಂದಾಯಿಸುವ ಹೊಣೆ ಪ್ರಾಧಿಕಾರದ್ದೇ ಆಗಿರುವುದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹಾಗೂ ಸರ್ಕಾರಿ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳ ನೇಮಕಾತಿಯಲ್ಲಿ ಪೂರ್ವಾನುಭವದ ಷರತ್ತು ಇರಬಾರದೆಂದು ಶಿಫಾರಸು ಮಾಡಬೇಕು. ಎರಡು, ಹೊಸಬರಿಗೆ ಹಿರಿಯ ನರ್ಸ್‌ನ ಮಾರ್ಗದರ್ಶನದಲ್ಲಿ ಆರು ತಿಂಗಳ ವೇತನಸಹಿತ ತರಬೇತಿ ಕಡ್ಡಾಯವಾಗಬೇಕು. ಆ ಅವಧಿಯಲ್ಲಿ ಒಂಟಿಯಾಗಿ ರಾತ್ರಿ ಪಾಳಿ ಹಾಕಬಾರದು. ಮೂರು, ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ನೆರವಿನಿಂದ ಈ ತರಬೇತಿಯನ್ನು ಬೀದರ್, ಕಲಬುರಗಿ, ರಾಯಚೂರಿನ ಸರ್ಕಾರಿ ವೈದ್ಯಕೀಯ ಸಂಸ್ಥೆಗಳಲ್ಲೂ ಆರಂಭಿಸಬೇಕು. ಹೈದರಾಬಾದಿನಲ್ಲಿರುವ ಕನ್ನಡಿಗರಿಗೆ ಬೆಂಗಳೂರಿಗಿಂತ ಬೀದರ್ ಎಷ್ಟೋ ಹತ್ತಿರ. ನಾಲ್ಕು, ಎರಡು ವರ್ಷ ಸೇವೆ ಪೂರೈಸಿದವರನ್ನು ಒಂದು ವರ್ಷದ ಮನೋವೈದ್ಯಕೀಯ ನರ್ಸಿಂಗ್ ಡಿಪ್ಲೊಮಾಕ್ಕೆ ನಿಯೋಜನೆಯ ಮೇಲೆ ಕಳುಹಿಸಬೇಕು.

2028ರ ಗಡುವಿಗೆ ಉಳಿದಿರುವ ಕಾಲ ಕಡಿಮೆ. ಪ್ರಾಧಿಕಾರವು ಮುಂದಿನ ಸಭೆಯಲ್ಲೇ ಈ ಬೇಡಿಕೆಗಳನ್ನು ಚರ್ಚೆಗೆ ತೆಗೆದುಕೊಂಡು ಸರ್ಕಾರಕ್ಕೆ ಶಿಫಾರಸು ಕಳುಹಿಸಬೇಕೆಂದು ಕಳಕಳಿಯಿಂದ ವಿನಂತಿಸುತ್ತೇವೆ.


ತಮ್ಮ ವಿಶ್ವಾಸಿಗಳು,
ಬಾಲಾನಗರದ ಕನ್ನಡಿಗ ನರ್ಸಿಂಗ್ ಪದವೀಧರರು ಮತ್ತು ಪೋಷಕರು